ಸಹಾಯ ಬೇಕು: 24 ಗಂಟೆಯ ರೋಗೈನ್‌ಗೆ ಹಳೆಯ ಟೈಮಿಂಗ್ ಕಾರ್ಡ್ ಸಾಕಾ?

ಇಂಗ್ಲೆಂಡಿನಲ್ಲಿ ಓರಿಯೆಂಟಿಯರಿಂಗ್ (ನಕ್ಷೆ ಹಿಡಿದು ದಾರಿ ಹುಡುಕುತ್ತಾ ಓಡುವ ಆಟ) ಓಡುವ ಕನ್ನಡಿಗರು ಯಾರಾದ್ರೂ ಇದ್ದೀರಾ? ಗೆಳೆಯನ ಜೊತೆ 24 ಗಂಟೆಯ ರೋಗೈನ್‌ಗೆ ಹೆಸರು ಕೊಡುವ ಯೋಚನೆ ಇದೆ. ನಕ್ಷೆ ನೋಡಿ ನಮಗೆ ಬೇಕಾದ ಚೆಕ್‌ಪಾಯಿಂಟ್‌ಗಳಿಗೆ ಹೋಗಿ ಅಂಕ ಗಳಿಸೋದು, ಗೊತ್ತಲ್ವಾ.

ನನ್ನ ಹತ್ತಿರ ಇರೋದು ಸೆಕೆಂಡ್‌ಹ್ಯಾಂಡ್ ಎಸ್‌ಐ ಕಾರ್ಡ್ 5, ಸ್ಪೋರ್ಟ್‌ಐಡೆಂಟ್ ಕಂಪನಿಯ ಟೈಮಿಂಗ್ ಕಾರ್ಡ್. ಬೆರಳಿಗೆ ಪಟ್ಟಿ ಹಾಕಿ ಕಟ್ಟುವ ಪುಟ್ಟ ಕಡ್ಡಿ. ಅದರ ತುದಿಯನ್ನು ಚೆಕ್‌ಪಾಯಿಂಟ್‌ನಲ್ಲಿರುವ ಎಲೆಕ್ಟ್ರಾನಿಕ್ ಪೆಟ್ಟಿಗೆಯ ತೂತಿಗೆ ಇಟ್ಟು, ಬೀಪ್ ಬಂದು ದೀಪ ಮಿನುಗುವವರೆಗೂ ಹಿಡಿಯಬೇಕು. ಅವಸರದಲ್ಲಿ ಎಳೆದರೆ ಕಾರ್ಡಿನಲ್ಲಿ ಪಂಚ್ (ಅಲ್ಲಿಗೆ ಬಂದ ದಾಖಲೆ) ಉಳಿಯಲ್ಲ.

ತಲೆನೋವು ಏನಂದ್ರೆ, ಈ ಕಾರ್ಡಿನಲ್ಲಿ ಸಮಯದ ಸಮೇತ ಉಳಿಯೋದು 30 ಪಂಚ್ ಮಾತ್ರ. ಆಮೇಲಿನ 6ಕ್ಕೆ ಚೆಕ್‌ಪಾಯಿಂಟ್ ನಂಬರ್ ಅಷ್ಟೇ, ಸಮಯ ಇಲ್ಲ. ಅದರ ಮೇಲೆ 12 ಗಂಟೆಯ ಗಡಿಯಾರ ಬೇರೆ! ಮಧ್ಯಾಹ್ನ 2 ಯಾವುದು, ರಾತ್ರಿ 2 ಯಾವುದು ಅಂತ ಕಾರ್ಡಿಗೆ ಗೊತ್ತಾಗಲ್ಲ, ಸಾಫ್ಟ್‌ವೇರೇ ಊಹಿಸಬೇಕು.

ಅದೇ ಕಂಪನಿಯ ಹೊಸ ಕಾರ್ಡುಗಳಲ್ಲಿ, ಕಾರ್ಡ್ 9ರಲ್ಲಿ 50 ಪಂಚ್, 10 ಮತ್ತು 11ರಲ್ಲಿ 128. ಪೆಟ್ಟಿಗೆಗೆ ಮುಟ್ಟಿಸದೆಯೇ ಪಂಚ್ ಆಗುವ ಎಸ್‌ಐಎಸಿ ಅನ್ನೋ ಕಾರ್ಡಿನಲ್ಲೂ 128, ಆದರೆ ಬೆಲೆ ಜಾಸ್ತಿ, ಜೊತೆಗೆ ಬ್ಯಾಟರಿ ಚಿಂತೆ. ನಮ್ಮಂಥ ನಿಧಾನದ ಜೋಡಿಗೆ ಅದು ಸುಮ್ನೆ ದುಂದು ಅನ್ಸುತ್ತೆ.

ನನಗೆ ಬೇಕಾಗಿರೋದು ಇಷ್ಟು. ರೋಗೈನ್‌ನಲ್ಲಿ ಕಾರ್ಡ್ 5 ಬಳಸಿದವರಿಗೆ ಫಲಿತಾಂಶ ಸರಿಯಾಗಿ ಬಂತಾ? 9 ಸಾಕಾ, ನೇರ 10ಕ್ಕೇ ಹೋಗಲಾ? ಮಳೆಯಲ್ಲಿ, ದಪ್ಪ ಗ್ಲೌಸ್ ಹಾಕಿದ ಕೈಯಲ್ಲಿ ಬೀಪ್ ಕೇಳದಿದ್ದರೆ ಏನು ಮಾಡ್ತೀರಿ? ಮ್ಯಾಂಚೆಸ್ಟರ್ ಕಡೆ ಯಾರ ಹತ್ತಿರವಾದ್ರೂ 9 ಅಥವಾ 10 ಸುಮ್ನೆ ಬಿದ್ದಿದ್ದರೆ ಬಾಡಿಗೆಗೂ ಸರಿ, ಕೊಂಡುಕೊಳ್ಳೋಕೂ ಸರಿ. ಮೆಸೇಜ್ ಮಾಡಿ.