‘ಅಚ್ಚು ಆರಿದ ಮೇಲೆ’ ಎಂದರೆ ಒಣಗಿದ ಮೇಲೆಯೋ, ತಣಿದ ಮೇಲೆಯೋ?

ಮನೆಯಲ್ಲಿ ಸೀಸ ಕರಗಿಸಿ ಎರಕ ಹೊಯ್ಯುವವರಿಗಾಗಿ ಒಂದು ಚಿಕ್ಕ ಎಚ್ಚರಿಕೆಯ ಕೈಪಿಡಿ ಬರೆಯುತ್ತಿದ್ದೇನೆ. ಬೀಸುಬಲೆಯ ಅಂಚಿಗೆ ಗುಂಡು ಪೋಣಿಸುವವರು, ಹಳೆಯ ಸೀಸವನ್ನು ಕರಗಿಸಿ ಗಟ್ಟಿ ಮಾಡಿ ತೆಗೆದಿಡುವವರು ಇದನ್ನು ಓದಬೇಕು. ಹೀಗೆ ಎರೆದು ತೆಗೆದಿಟ್ಟ ಲೋಹದ ತುಂಡಿಗೆ, ಎಂದರೆ ಇಂಗಟ್‌ಗೆ, ಮೊದಲು ‘ಲೋಹಪಿಂಡ’ ಎಂದು ಬರೆದಿದ್ದೆ, ಹೊಡೆದುಹಾಕಿದೆ. ಪಿಂಡ ಎಂದೊಡನೆ ಶ್ರಾದ್ಧದ ಅನ್ನದುಂಡೆ ನೆನಪಾಗುತ್ತದೆ. ಚಿನ್ನದ ಗಟ್ಟಿ, ಬೆಳ್ಳಿಯ ಗಟ್ಟಿ ಇರುವಾಗ ಸೀಸದ ಗಟ್ಟಿಯೂ ಇರಲಿ. ಅದರಲ್ಲಿ ನನಗೆ ಸಂದೇಹವಿಲ್ಲ.

ಸಂದೇಹ ಇರುವುದು ‘ಆರು’ ಎಂಬ ಕ್ರಿಯಾಪದದಲ್ಲಿ. ಬಟ್ಟೆ ಆರಿತು ಎಂದರೆ ಒಣಗಿತು. ಕಾಫಿ ಆರಿತು ಎಂದರೆ ತಣ್ಣಗಾಯಿತು. ದೀಪವೂ ಆರುತ್ತದೆ, ಗಾಯವೂ ಆರುತ್ತದೆ, ಬಾಯಾರಿಕೆಯಲ್ಲಿಯೂ ಅದೇ ಆರು. ನೀರು ಹೋಗುವುದಕ್ಕೂ ಕಾವು ಹೋಗುವುದಕ್ಕೂ ನಮ್ಮ ಭಾಷೆ ಒಂದೇ ಮಾತನ್ನು ಇಟ್ಟುಕೊಂಡಿದೆ, ಸಂದರ್ಭವೇ ಅರ್ಥವನ್ನು ಬಿಡಿಸುತ್ತದೆ. ಆದರೆ ಸೀಸ ಎರೆಯುವಾಗ ಎರಡು ಅರ್ಥಗಳೂ ಒಂದೇ ಕಡೆ ಬಂದು ನಿಲ್ಲುತ್ತವೆ. ಅಚ್ಚಿನಲ್ಲಿ ನೀರಿನ ಪಸೆ ಇರಲೇಬಾರದು, ಆದರೆ ಅಚ್ಚು ಬಿಸಿಯಾಗಿರಬೇಕು. ‘ಅಚ್ಚು ಆರಿದ ಮೇಲೆ ಎರೆಯಿರಿ’ ಎಂದು ಬರೆದರೆ ಓದಿದವನು ಯಾವುದನ್ನು ಹಿಡಿಯುತ್ತಾನೆ?

ಇದು ಬರಿಯ ವ್ಯಾಕರಣದ ಚಿಂತೆಯಲ್ಲ. ಕುಂದಾಪುರದ ಕಡೆ ಹೊಳೆಬದಿಯ ನಮ್ಮ ಊರಿನಲ್ಲಿ ನೆರೆಮನೆಯ ಅಜ್ಜ ಬಲೆಗೆ ಬೇಕಾದ ಸೀಸವನ್ನು ಕಬ್ಬಿಣದ ಬಾಣಲೆಯಲ್ಲಿ ಕರಗಿಸಿ, ಹಳೆಯದೊಂದು ಗುಳಿಯಪ್ಪದ ಕಾವಲಿಯಲ್ಲಿ ಗಟ್ಟಿ ಎರೆದಿಡುತ್ತಿದ್ದರು. ಬೆಳ್ಳಿಯಂತೆ ಹೊಳೆಯುವ ಸೀಸದ ಮೇಲೆ ನೋಡುತ್ತಿದ್ದಂತೆ ಬೂದು ಬಣ್ಣದ ಪೊರೆ ಕಟ್ಟುತ್ತಿತ್ತು. ಅದನ್ನು ಸೌಟಿನಿಂದ ಪಕ್ಕಕ್ಕೆ ಸರಿಸಿ ಹೊಯ್ಯುತ್ತಿದ್ದರು. ಒಂದು ಮಳೆಗಾಲದ ಸಂಜೆ ಅವರು ಒಳಗಿನಿಂದಲೇ ಮಗನನ್ನು “ಕಾವಲಿ ಆರಿದೆಯಾ?” ಎಂದು ಕೇಳಿದರು. ಮಗ ಮುಟ್ಟಿ ನೋಡಿ “ಆರಿದೆ” ಎಂದ. ಅಜ್ಜ ಕೇಳಿದ್ದು ಪಸೆಯನ್ನು, ಮಗ ಹೇಳಿದ್ದು ಕಾವನ್ನು. ಒಂದು ಗುಳಿಯ ತಳದಲ್ಲಿ ನೀರಿನ ಹನಿ ಉಳಿದಿತ್ತು. ಸೀಸ ಬಿದ್ದ ಕ್ಷಣ ಪಟ್ಟೆಂದು ಸಿಡಿದು ಅಜ್ಜನ ಮಣಿಕಟ್ಟಿನ ಮೇಲೆ ಕೂತಿತು. ಆ ಕಲೆ ಕೊನೆಯವರೆಗೂ ಇತ್ತು.

ಸೀಸ ಕರಗುವುದು ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು ಕುದಿಯುವುದು 100ರಲ್ಲಿ. ಸೀಸದಡಿ ಸಿಕ್ಕ ಹನಿ ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಮೇಲಿರುವ ಲೋಹವನ್ನು ಎತ್ತಿ ಎಸೆಯುತ್ತದೆ.

‘ಒಣಗಿದ ಅಚ್ಚು’ ಎಂದು ಬರೆಯಬಹುದು. ಆದರೆ ನನ್ನ ಕಿವಿಗೆ ಒಣಗುವುದು ಒಡಲೊಳಗೆ ನೀರುಳ್ಳದ್ದು: ಸೌದೆ, ಮೆಣಸಿನಕಾಯಿ, ಗಂಟಲು. ಕಬ್ಬಿಣ ಒಣಗಿತು ಎನ್ನುವುದು ಸ್ವಲ್ಪ ಎಳೆದಂತೆ ಕೇಳುತ್ತದೆ. ಹಾಗಾಗಿ ಕರ್ತೃವನ್ನೇ ಬದಲಿಸಿ ನೋಡಿದೆ: ‘ಅಚ್ಚಿನ ಪಸೆ ಪೂರ್ತಿ ಆರಿರಬೇಕು, ಅಚ್ಚು ಬಿಸಿಯಾಗಿರಬೇಕು.’ ಆರುವುದು ಪಸೆ ಎಂದಾದರೆ ತಣಿಯುವ ಅರ್ಥಕ್ಕೆ ಜಾಗವಿಲ್ಲ. ಸದ್ಯಕ್ಕೆ ಇದನ್ನೇ ಇಟ್ಟುಕೊಂಡಿದ್ದೇನೆ. ‘ಪಸೆ’ ಎಲ್ಲ ಕಡೆಯವರಿಗೂ ತಿಳಿಯುತ್ತದೆಯೇ, ಅಥವಾ ‘ತೇವ’ ಎನ್ನಬೇಕೇ?

ಇನ್ನೊಂದು ತೊಡಕು, ಅಡುಗೆಮನೆಯಿಂದ ತಂದು ಅಚ್ಚಾಗಿಸಿಕೊಂಡ ಕಾವಲಿಗೆ, ಇಡ್ಲಿ ತಟ್ಟೆಗೆ ಏನೆನ್ನುವುದು ಎಂಬುದು. ‘ತಾತ್ಕಾಲಿಕ ಅಚ್ಚು’ ಎಂದು ಗೆಳೆಯರೊಬ್ಬರು ಸೂಚಿಸಿದರು. ನಾನು ಒಪ್ಪಲಾರೆ. ತಾತ್ಕಾಲಿಕ ಎಂದರೆ ಕೆಲಸ ಮುಗಿದ ಮೇಲೆ ತಟ್ಟೆ ಮತ್ತೆ ತನ್ನ ಜಾಗಕ್ಕೆ ಹೋಗುತ್ತದೆ ಎಂದಾಯಿತು. ಸೀಸ ಕಂಡ ಪಾತ್ರೆ ಮತ್ತೆ ಒಲೆಗೆ ಏರಲೇಬಾರದು. ಸೀಸದ ಮಟ್ಟಿಗೆ ಇಷ್ಟು ಸೇರಿದರೆ ಅಪಾಯವಿಲ್ಲ ಎಂಬ ಮಿತಿಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮೊದಲು ನಲುಗುವವರು ಮಕ್ಕಳು. ‘ಬಿಟ್ಟುಕೊಟ್ಟ ಪಾತ್ರೆ’ ಎನ್ನೋಣ ಎಂದುಕೊಂಡಿದ್ದೇನೆ. ಅಡುಗೆಯನ್ನು ಬಿಟ್ಟುಹೋಯಿತು ಎಂಬುದು ಅದರಲ್ಲೇ ಇದೆ.

ಬೆಲ್ಲದ ಗಾಣದವರನ್ನು ಕೇಳಬಹುದಿತ್ತು, ಆದರೆ ಅವರು ಮರದ ಅಚ್ಚನ್ನು ಒದ್ದೆ ಮಾಡಿಯೇ ಪಾಕ ಹೊಯ್ಯುತ್ತಾರೆ, ಅವರ ಮಾತು ಇಲ್ಲಿಗೆ ಒಗ್ಗದು. ಕಂಚು, ಹಿತ್ತಾಳೆ ಎರೆಯುವ ಮನೆತನದವರು ಯಾರಾದರೂ ಇದನ್ನು ಓದುತ್ತಿದ್ದರೆ ತಿಳಿಸಿ: ನೀರು ಆರಿದ, ಕಾವು ಆರದ ಅಚ್ಚಿಗೆ ನಿಮ್ಮ ಕುಲುಮೆಯಲ್ಲಿ ಒಂದೇ ಪದ ಇದೆಯೇ?