ಪದಚರ್ಚೆ: ‘ಬಿಡಬೇಕು’ ಅಂದರೆ ಬಯಕೆಯೋ, ಅಗತ್ಯವೋ? ಮೋಟಿವೇಶನಲ್ ಇಂಟರ್ವ್ಯೂಯಿಂಗ್ ಪದಗಳ ಬಗ್ಗೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಆಪ್ತಸಮಾಲೋಚಕರ ತರಬೇತಿಗೆಂದು ಮೋಟಿವೇಶನಲ್ ಇಂಟರ್ವ್ಯೂಯಿಂಗ್ ಬಗ್ಗೆ ಕನ್ನಡದಲ್ಲೊಂದು ಕೈಪಿಡಿ ಸಿದ್ಧವಾಗುತ್ತಿದೆ. ಕುಡಿತ ಬಿಡುವುದೋ ಬೇಡವೋ ಎಂದು ಹೊಯ್ದಾಡುವವರು, ಮಾತ್ರೆ ತಪ್ಪಿಸುವವರು, ವ್ಯಾಯಾಮ ಶುರು ಮಾಡಿ ನಿಲ್ಲಿಸಿದವರು, ಇಂಥವರ ಜೊತೆ ಮಾತಾಡುವ ಕ್ರಮ ಇದು. ಕುಡಿತದ ಸಮಸ್ಯೆ ಇದ್ದವರ ಚಿಕಿತ್ಸೆ ಕುರಿತು 1983ರಲ್ಲಿ ಬರೆದ ಲೇಖನದಲ್ಲಿ ವಿಲಿಯಂ ಮಿಲ್ಲರ್ ಇದನ್ನು ಮೊದಲು ವಿವರಿಸಿದರು. 1991ರಲ್ಲಿ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಪುಸ್ತಕವಾಗಿ ಬೆಳೆಸಿದರು. ಬದಲಾಗಲು ಕಾರಣಗಳನ್ನು ಚಿಕಿತ್ಸಕರು ಒದಗಿಸುವುದಲ್ಲ, ಬಂದವರ ಬಾಯಿಂದಲೇ ಅವು ಬರಬೇಕು ಎಂಬುದು ಇದರ ತಿರುಳು. ಹಾಗಾಗಿ ಬಂದವರು ಆಡುವ ಒಂದೊಂದು ಕ್ರಿಯಾಪದಕ್ಕೂ ಇಲ್ಲಿ ತೂಕವಿದೆ.

ತೊಡಕು ಎದ್ದಿರುವುದೂ ಅಲ್ಲೇ. ‘ಬದಲಾವಣೆಯ ಮಾತು’ ಎಂದು ನಾವು ಕರೆದಿರುವುದರಲ್ಲಿ ಮೊದಲ ಗುಂಪು ನಾಲ್ಕು ಬಗೆಯದು: ಬಯಕೆ, ಸಾಮರ್ಥ್ಯ, ಕಾರಣ, ಅಗತ್ಯ. ಆಮೇಲೆ ಬರುವುದು ಗಟ್ಟಿ ಮಾತು: ಬದ್ಧತೆ, ಸಿದ್ಧತೆ, ಆಗಲೇ ಇಟ್ಟ ಹೆಜ್ಜೆ. ಇಂಗ್ಲಿಷಿನಲ್ಲಿ ಬಯಕೆಗೆ ಒಂದು ಕ್ರಿಯಾಪದ, ಅಗತ್ಯಕ್ಕೆ ಇನ್ನೊಂದು. ಕನ್ನಡದಲ್ಲಿ “ಸಿಗರೇಟು ಬಿಡಬೇಕು” ಅಂದರೆ ಎರಡೂ ಆಗುತ್ತದೆ. ಅಭ್ಯಾಸದ ಹಾಳೆಯಲ್ಲಿ ಇದನ್ನು ಯಾವ ಗುಂಪಿಗೆ ಹಾಕಿಸುವುದು?

ಇನ್ನೆರಡು ಸಣ್ಣ ಪ್ರಶ್ನೆಗಳು. ಕರಡಿನಲ್ಲಿ ವಿಧಾನದ ಹೆಸರು ‘ಪ್ರೇರಣಾತ್ಮಕ ಸಂದರ್ಶನ’ ಎಂದಿದೆ. ಓದಿದವರಿಗೆ ಕೆಲಸದ ಸಂದರ್ಶನ ನೆನಪಾಗುತ್ತಿದೆ. ಬಂದವರ ಮಾತನ್ನು ಕೇಳಿಸಿಕೊಂಡು ಅದರ ಅರ್ಥವನ್ನು ಅವರಿಗೇ ತಿರುಗಿ ಹೇಳುವ ಕ್ರಮಕ್ಕೆ ‘ಪ್ರತಿಫಲನ’ ಎಂದಿದೆ. ಅದು ಭೌತಶಾಸ್ತ್ರದ ಪಾಠದಂತಿದೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ

ನಮಸ್ಕಾರ. ಮೊದಲು ‘ಬೇಕು’ ವಿಷಯಕ್ಕೇ ಬರುತ್ತೇನೆ. ಅದು ಬರೀ ಪದದ ಪ್ರಶ್ನೆಯಲ್ಲ, ಮಾತುಕತೆ ಎತ್ತ ತಿರುಗುತ್ತದೆ ಎಂಬ ಪ್ರಶ್ನೆ.

‘ಬಿಡಬೇಕು’ ಒಂದೇ ಬಂದಾಗ ಯಾವ ಗುಂಪಿಗೂ ಹಾಕಿಸಬೇಡಿ. ಸುತ್ತಲಿನ ಪ್ರತ್ಯಯ ನೋಡಲು ಕಲಿಸಿ. “ಬಿಡಬೇಕು ಅನ್ನಿಸ್ತಿದೆ”, “ಬಿಡೋ ಆಸೆ ಇದೆ” ಬಯಕೆ. “ಬಿಡಲೇಬೇಕು” ಎಂದು ‘ಏ’ ಒತ್ತು ಬಿದ್ದರೆ ಅಗತ್ಯ. “ಬಿಡಬೇಕಾಗಿದೆ” ಕೂಡ ಅಗತ್ಯವೇ, ಆದರೆ ಒತ್ತಡ ಹೊರಗಿನಿಂದ ಬಂದದ್ದು ಎಂಬ ಸುಳಿವು ಅದರಲ್ಲಿದೆ. ಯಾರು ಹೇಳಿದರು, ಏನು ಬಂದೊದಗಿತು ಎಂದು ವಿಚಾರಿಸಲು ಅದೇ ಜಾಗ. “ಬಿಡಬೇಕಿತ್ತು” ಎಂಬಲ್ಲಿ ಪಶ್ಚಾತ್ತಾಪವಿದೆ, ಇವತ್ತಿನ ಮನಸ್ಸು ಅದರಲ್ಲಿ ಕಾಣುವುದಿಲ್ಲ. ಬರೀ “ಬಿಡಬೇಕು” ಬಂದಾಗ ಚಿಕಿತ್ಸಕರು ಊಹಿಸದೆ ಒಂದು ತೆರೆದ ಪ್ರಶ್ನೆ ಕೇಳಬಹುದು: “ಬಿಡಬೇಕು ಅಂದ್ರಲ್ಲ, ಆ ಮಾತಿನ ಹಿಂದೆ ಏನಿದೆ, ಸ್ವಲ್ಪ ಹೇಳಿ.” ಉತ್ತರದಲ್ಲಿ ಸಾಮಾನ್ಯವಾಗಿ ಬಯಕೆಯೋ ಕಾರಣವೋ ತಾನಾಗಿ ಹೊರಬರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಬಂದವರ ಬಾಯಲ್ಲಿ ಬಯಕೆಯಾಗಿದ್ದ ‘ಬೇಕು’, ಚಿಕಿತ್ಸಕರ ಬಾಯಿಗೆ ಬಂದ ಕೂಡಲೇ ಅಪ್ಪಣೆಯಾಗುತ್ತದೆ. “ನಾನು ಬಿಡಬೇಕು” ಎಂದದ್ದನ್ನು “ಹಾಗಾದ್ರೆ ನೀವು ಬಿಡಬೇಕು” ಎಂದು ತಿರುಗಿಸಿದರೆ ಕಿವಿಗೆ ಬೀಳುವುದು ಉಪದೇಶ. ಕೂಡಲೇ ಎದುರಿನಿಂದ “ಹೌದು, ಆದ್ರೆ…” ಶುರುವಾಗುತ್ತದೆ. ಎರಡು ಮನಸ್ಸಿನಲ್ಲಿರುವವರ ಮುಂದೆ ನೀವು ಒಂದು ಕಡೆಯ ವಾದ ಹಿಡಿದರೆ, ಇನ್ನೊಂದು ಕಡೆಯ ವಾದವನ್ನು ಅವರು ಹಿಡಿಯುತ್ತಾರೆ. ಹಿಡಿದ ವಾದವನ್ನು ತಾವೇ ನಂಬತೊಡಗುತ್ತಾರೆ. ಆದ್ದರಿಂದ ಚಿಕಿತ್ಸಕರ ಮಾದರಿ ವಾಕ್ಯಗಳಿಂದ ‘ಬೇಕು’ ತೆಗೆದು “ಬಿಡೋ ಮನಸ್ಸು ನಿಮಗಿದೆ”, “ಹೀಗೇ ಮುಂದುವರಿಯೋದು ನಿಮಗೆ ಇಷ್ಟವಿಲ್ಲ” ಎಂಬಂಥವನ್ನು ಹಾಕಿ.

ಗಟ್ಟಿ ಮಾತಿನಲ್ಲೂ ಕನ್ನಡ ಬಹಳ ಸೂಕ್ಷ್ಮ. “ಬಿಡ್ತೀನಿ” ಬದ್ಧತೆ. “ಬಿಡೋಣ ಅಂತಿದೀನಿ” ಸಿದ್ಧತೆ, ಬದ್ಧತೆಯಲ್ಲ. “ನಿನ್ನೆ ಪ್ಯಾಕ್ ತಗೊಳ್ಳಲೇ ಇಲ್ಲ” ಇಟ್ಟ ಹೆಜ್ಜೆ. “ಬಿಟ್ಟೇನು” ಎಂಬುದು ಬಿಟ್ಟರೂ ಬಿಡಬಹುದು ಎಂಬ ಸಾಧ್ಯತೆ ಅಷ್ಟೇ. “ಪ್ರಯತ್ನ ಮಾಡ್ತೀನಿ” ಎಂಬುದು ಎಷ್ಟು ಮೆದುವಾಗಿ ಬಂತು ಎಂಬುದರ ಮೇಲಿದೆ, ಮಾತು ಮುಗಿಸಲು ಹೇಳಿದ “ನೋಡೋಣ ಬಿಡಿ”ಯಂತೂ ಬದಲಾವಣೆಯ ಮಾತೇ ಅಲ್ಲ. ಆಮ್‌ರೈನ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾದಕ ವಸ್ತು ಬಳಸುತ್ತಿದ್ದವರು ಮುಂದೆ ಬಳಸುತ್ತಾರೋ ಇಲ್ಲವೋ ಎಂಬುದರ ಸೂಚನೆ ಸಿಕ್ಕಿದ್ದು ಬದ್ಧತೆಯ ಮಾತಿನ ಬಲದಲ್ಲಿ, ಅದರಲ್ಲೂ ಭೇಟಿಯ ಕೊನೆಯತ್ತ ಆ ಬಲ ಏರುವುದರಲ್ಲಿ. ಬಯಕೆ, ಸಾಮರ್ಥ್ಯ, ಕಾರಣ, ಅಗತ್ಯ ಇವು ಆ ಬದ್ಧತೆಗೆ ದಾರಿ ಮಾಡಿಕೊಡುತ್ತವೆ. ಹಾಗಾಗಿ ‘ಬಿಡ್ತೀನಿ’ ಮತ್ತು ‘ಬಿಟ್ಟೇನು’ ಒಂದೇ ಎಂದು ಗುರುತು ಹಾಕಿದರೆ ಕಲಿಯುವವರು ಯೋಜನೆ ಹಾಕಲು ಅವಸರಪಡುತ್ತಾರೆ. ಆಗ ಯೋಜನೆ ಚಿಕಿತ್ಸಕರದ್ದಾಗುತ್ತದೆ, ಒಪ್ಪಿಗೆ ಮಾತ್ರ ಬಂದವರದ್ದು.

ಇನ್ನೊಂದು ರೂಪವನ್ನು ಮರೆಯಬೇಡಿ: “ಬಿಡಬಾರದು ಅಂತೇನಿಲ್ಲ.” ಕೇಳಲು ನಕಾರ, ಒಳಗೆ ಬದಲಾವಣೆಯ ಸಣ್ಣ ಎಳೆ. ಇದನ್ನು “ಅಂದ್ರೆ ಬಿಡೋಕೆ ತಯಾರಿದ್ದೀರಿ” ಎಂದು ಉಬ್ಬಿಸಿದರೆ ಅವರು ಹಿಂದೆ ಸರಿಯುತ್ತಾರೆ. “ಆ ಯೋಚನೆಯೂ ಒಂದು ಕಡೆ ಇದೆ” ಎಂದು ಅವರ ಮಾತಿಗಿಂತ ಒಂದು ಕೂದಲಷ್ಟು ಕಡಿಮೆ ಹೇಳಿ ನಿಲ್ಲಿಸಿದರೆ ಮುಂದಿನದನ್ನು ಅವರೇ ಹೇಳುತ್ತಾರೆ.

ಇನ್ನು ‘ಪ್ರತಿಫಲನ’. ನನ್ನ ಮತ ‘ಮರುನುಡಿ’ಗೆ. ಆಡಿದ್ದನ್ನೇ ಹೆಚ್ಚುಕಮ್ಮಿ ಹಾಗೇ ಹೇಳಿದರೆ ಸರಳ ಮರುನುಡಿ. ಹೇಳದೆ ಬಿಟ್ಟ ಅರ್ಥವನ್ನೋ ಭಾವನೆಯನ್ನೋ ಸೇರಿಸಿದರೆ ಆಳದ ಮರುನುಡಿ. ಚಿಕಿತ್ಸಕರ ಕೌಶಲ ಅಳೆಯುವ ಮಿಟಿ ಎಂಬ ಮಾಪನದ ನಾಲ್ಕನೇ ಆವೃತ್ತಿಯಲ್ಲಿ ಒಂದು ಪ್ರಶ್ನೆಗೆ ಒಂದು ಮರುನುಡಿ ಇದ್ದರೆ ಪರವಾಗಿಲ್ಲ, ಎರಡಿದ್ದರೆ ಚೆನ್ನ. ಮರುನುಡಿಗಳಲ್ಲಿ ಆಳದವು 40 ಶೇಕಡಾ ಇದ್ದರೆ ಪರವಾಗಿಲ್ಲ, 50 ಇದ್ದರೆ ಚೆನ್ನ. ಕನ್ನಡದಲ್ಲಿ ಇದನ್ನು ಕೆಡಿಸುವುದು ವಾಕ್ಯದ ಕೊನೆಗೆ ಅಂಟಿಸುವ “ಅಲ್ವಾ?”. “ಮನೆಯವರ ಮಾತು ನೋಯಿಸಿದೆ” ಎಂದು ದನಿ ಇಳಿಸಿ ನಿಲ್ಲಿಸಿದರೆ ಎದುರಿನವರು ಮುಂದುವರಿಸುತ್ತಾರೆ. “ನೋಯಿಸಿದೆ, ಅಲ್ವಾ?” ಎಂದರೆ “ಹ್ಞೂಂ” ಎಂದು ಸುಮ್ಮನಾಗುತ್ತಾರೆ. ಪ್ರಶ್ನೆಗಳ ಲೆಕ್ಕವೂ ಏರುತ್ತದೆ.

ಎರಡು ಕಡೆಯ ಮರುನುಡಿಗೆ ಕನ್ನಡದ ‘ಊ’ಕಾರ ಹೇಳಿಮಾಡಿಸಿದಂತಿದೆ. ‘ಆದರೆ’ ಎಂಬುದು ಮೊದಲು ಹೇಳಿದ್ದನ್ನು ಅಳಿಸುತ್ತದೆ. “ಸ್ನೇಹಿತರ ಜೊತೆ ಕುಡಿಯೋದು ಖುಷಿಯೂ ಹೌದು, ಬೆಳಿಗ್ಗೆ ಏಳೋಕಾಗದೆ ಕೆಲಸ ಕೆಡ್ತಿದೆ ಅನ್ನೋ ಚಿಂತೆಯೂ ಇದೆ” ಎಂದರೆ ಎರಡೂ ನಿಲ್ಲುತ್ತವೆ. ಬದಲಾವಣೆಯ ಕಡೆಯನ್ನು ಕೊನೆಗೆ ಇಡಿ, ಏಕೆಂದರೆ ಮುಂದಿನ ಮಾತು ಕೊನೆಯ ತುದಿಯಿಂದಲೇ ಹೊರಡುತ್ತದೆ. ಅನೇಕ ಕರಡುಗಳಲ್ಲಿ ಈ ಕ್ರಮ ತಿರುವುಮುರುವಾಗಿರುತ್ತದೆ, ದಯವಿಟ್ಟು ಪರಿಶೀಲಿಸಿ.

ಬದಲಾಗುವುದು ನಿಮಗೆ ಎಷ್ಟು ಮುಖ್ಯ ಎಂದು 0ಯಿಂದ 10ರ ಅಳತೆಯಲ್ಲಿ ಕೇಳುವ ಪ್ರಶ್ನೆಯೂ ಕೈಪಿಡಿಯಲ್ಲಿ ಇದ್ದೇ ಇರುತ್ತದೆ. ಬಂದವರು 5 ಎಂದಾಗ “8 ಯಾಕಲ್ಲ?” ಎಂದರೆ ಬದಲಾಗದಿರಲು ಕಾರಣಗಳೇ ಬರುತ್ತವೆ. ಕೇಳಬೇಕಾದದ್ದು ಕೆಳಗಿನ ಅಂಕಿಯಿಂದ. ಹಾಗೆಂದು “2 ಯಾಕಲ್ಲ?” ಎಂದು ಮಾತಿಗೆ ಮಾತು ಇಳಿಸಿದರೆ ಕನ್ನಡದಲ್ಲಿ ಆ ‘ಯಾಕೆ’ ತಪ್ಪು ಹಿಡಿದಂತೆ ಕೇಳುತ್ತದೆ. “2ಕ್ಕೇ ನಿಲ್ಲದೆ 5ರ ತನಕ ತಂದದ್ದು ಏನು?” ಎಂದಿರಲಿ. ಮಾಹಿತಿ ಕೊಡುವ ಮುನ್ನ ಅನುಮತಿ ಕೇಳುವುದಕ್ಕೆ “ಒಂದು ವಿಷಯ ಹೇಳಲಾ?” ಸಾಕು, ಕೊಟ್ಟ ಮೇಲೆ “ಇದು ಕೇಳಿ ನಿಮಗೇನನ್ನಿಸಿತು?” ಬರಲೇಬೇಕು.

ಹೆಸರಿನ ಬಗ್ಗೆ: ‘ಸಂದರ್ಶನ’ಕ್ಕೆ ಒಟ್ಟಾಗಿ ನೋಡುವುದು ಎಂಬ ಅರ್ಥ ಬಿಡಿಸಬಹುದು, ಬಳಕೆ ಮಾತ್ರ ಆ ದಾರಿ ಬಿಟ್ಟು ಬಹಳ ದಿನವಾಯಿತು. ‘ಪ್ರೇರಣೆ’ಯ ಕಷ್ಟ ಇನ್ನೂ ಹೆಚ್ಚು. “ಯಾರ ಪ್ರೇರಣೆಯಿಂದ?” ಎಂದು ಕೇಳುವಾಗ ಹೊರಗಿನವನೊಬ್ಬ ಇದ್ದಾನೆ. ನಮ್ಮ ವ್ಯಾಕರಣದಲ್ಲೂ ಪ್ರೇರಣಾರ್ಥಕವೆಂದರೆ ಬಿಡು ಹೋಗಿ ‘ಬಿಡಿಸು’ ಆಗುವುದು, ಈ ವಿಧಾನ ಬೇಡವೆನ್ನುವುದು ಸರಿಯಾಗಿ ಅದನ್ನೇ. ಹೆಸರನ್ನು ಮೋಟಿವೇಶನಲ್ ಇಂಟರ್ವ್ಯೂಯಿಂಗ್ ಎಂದೇ ಉಳಿಸಿ, ಮೊದಲ ಪುಟದಲ್ಲಿ ‘ಒಳಮನಸ್ಸನ್ನು ಹೊಮ್ಮಿಸುವ ಮಾತುಕತೆ’ ಎಂದು ವಿವರಿಸಿದರೆ ಸಾಕು. ಬಂದವರನ್ನು ಕೂಡಲೇ ಸರಿಪಡಿಸಲು ಹೊರಡುವ ಸ್ವಭಾವಕ್ಕೆ ‘ತಿದ್ದುವ ತವಕ’ ಒಪ್ಪುತ್ತದೆ. ‘ಪ್ರತಿರೋಧ’ವನ್ನು ಮೂಲ ಲೇಖಕರೇ ತಮ್ಮ ಪುಸ್ತಕದ 2013ರ ಮೂರನೇ ಆವೃತ್ತಿಯಲ್ಲಿ ಬದಿಗಿಟ್ಟು ಎರಡಾಗಿ ಒಡೆದರು. ಬದಲಾವಣೆಯ ವಿರುದ್ಧ ಆಡುವುದು ‘ಯಥಾಸ್ಥಿತಿಯ ಮಾತು’. ಅದು ಎರಡು ಮನಸ್ಸಿನ ಸಹಜ ಅರ್ಧ. ಇಬ್ಬರ ನಡುವೆ ಸಂಬಂಧ ಹದಗೆಡುವುದು ಇನ್ನೊಂದು. ಅದಕ್ಕೆ ‘ಅಪಸ್ವರ’ ಬೇಡ; ಅಪಸ್ವರ ಎತ್ತಿದರು ಎಂದಾಗ ತಪ್ಪು ಒಬ್ಬರ ತಲೆಗೆ ಬರುತ್ತದೆ. ‘ತಾಳ ತಪ್ಪುವುದು’ ಎಂದರೆ ಇಬ್ಬರಿಗೂ ಸೇರುತ್ತದೆ, ಸರಿಪಡಿಸುವ ಕೆಲಸ ಚಿಕಿತ್ಸಕರಿಂದ ಶುರುವಾಗಬೇಕು ಎಂದು ಹೇಳಲೂ ಅನುಕೂಲ.

ಅಭ್ಯಾಸದ ಹಾಳೆಗೆ ಇನ್ನೊಂದು ವಾಕ್ಯ ಸೇರಿಸಿ: ಉತ್ತರ ಕರ್ನಾಟಕದ “ಬಿಡಬೇಕಂತ ಮಾಡೀನಿ”. ‘ಮಾಡೀನಿ’ ನೋಡಿ ದಕ್ಷಿಣದ ಕಡೆಯ ಕಲಿಯುವವರು ಇದನ್ನು ಇಟ್ಟ ಹೆಜ್ಜೆ ಎಂದು ಗುರುತಿಸಿಬಿಡುತ್ತಾರೆ. ಅದು ‘ಬಿಡೋಣ ಅಂತಿದೀನಿ’ಗೆ ಸಮ, ಸಿದ್ಧತೆಯ ಸಾಲಿನದು. ಕರಾವಳಿ ಮತ್ತು ಮಲೆನಾಡಿನ ಮಾತಿನಲ್ಲಿ ಇಂಥ ರೂಪಗಳನ್ನು ಬಲ್ಲವರು ಸೇರಿಸಿಕೊಟ್ಟರೆ ಪಟ್ಟಿ ತುಂಬುತ್ತದೆ.