ಮಳೆಗಾಲದ ಜ್ವರ, ಫ್ಲೂ ಲಸಿಕೆ: ಡಾಕ್ಟರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಹೆಸರು ಬೇಡ, ಊರೋ ಬಡಾವಣೆಯೋ ಹಾಕಿ ಕೇಳಿ. ಮೇಡಂ ಒಂದು ಗಂಟೆ ಇರುತ್ತಾರೆ.

ಸರಸ್ವತಿಪುರಂ: ಹೋದ ವರ್ಷ ಫ್ಲೂ ಲಸಿಕೆ ಹಾಕಿಸಿಕೊಂಡಿದ್ದೆವು. ಮತ್ತೆ ಬೇಕಾ ಮೇಡಂ?

ಡಾಕ್ಟರ್: ಬೇಕು. ವೈರಸ್ ಬದಲಾಗುತ್ತಲೇ ಇರುತ್ತದೆ, ಲಸಿಕೆಯ ಬಲವೂ ತಿಂಗಳು ಕಳೆದಂತೆ ಇಳಿಯುತ್ತದೆ. ಹಾಕಿಸಿದ ಮೇಲೆ ರಕ್ಷಣೆ ಬರಲು 2 ವಾರ ಬೇಕು.

ಪಾಂಡವಪುರ: ಅಪ್ಪನಿಗೆ 68, ಸಕ್ಕರೆ ಕಾಯಿಲೆ. ಹೋದ ವಾರ ಜ್ವರ, ಮೈಕೈ ನೋವು ಬಂದು 4 ದಿನಕ್ಕೆ ಬಿಟ್ಟಿತ್ತು, ಗದ್ದೆಗೂ ಹೋಗಿಬಂದರು. ನಿನ್ನೆ ರಾತ್ರಿಯಿಂದ ಮತ್ತೆ ಜ್ವರ, ಹಳದಿ ಕಫ. ಕಷಾಯ ಕೊಡುತ್ತಿದ್ದೇವೆ.

ಡಾಕ್ಟರ್: ಬಿಟ್ಟ ಜ್ವರ ಮತ್ತೆ ಬಂದಿದೆಯಲ್ಲ, ನನಗೆ ಹೆದರಿಕೆ ಇರೋದು ಅದಕ್ಕೇ. ಫ್ಲೂ ಉಸಿರಿನ ದಾರಿಯನ್ನು ಕೆಡಿಸಿ ಹೋಗಿರುತ್ತದೆ, ಹಿಂದೆಯೇ ಬ್ಯಾಕ್ಟೀರಿಯಾ ನುಗ್ಗಿ ನ್ಯುಮೋನಿಯಾ ಆಗಬಹುದು. ಸಕ್ಕರೆ ಇರುವವರಿಗೆ ಬೇಗ ಕೈಮೀರುತ್ತದೆ. ಅವರು ಸುಮ್ನೆ ಕೂತಿರುವಾಗ ಎದೆ ಎಷ್ಟು ಸಲ ಏಳುತ್ತದೆ ಅಂತ ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಕೆ ಏನೇ ಬರಲಿ, ಇವತ್ತೇ ಎದೆಯ ಎಕ್ಸ್‌ರೇ ಆಗಬೇಕು. ಆಸ್ಪತ್ರೆಯಲ್ಲಿ ಗಂಟಲು, ಮೂಗಿನ ಸ್ವಾಬ್ ಕೇಳಿದರೆ ಬೇಡ ಅನ್ನಬೇಡಿ. ಯಾವ ವೈರಸ್ ಓಡಾಡುತ್ತಿದೆ ಅಂತ ಗೊತ್ತಾಗುವುದು ಇಂಥ ಸ್ವಾಬ್‌ಗಳಿಂದಲೇ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ 2 ಸಲ, ಫೆಬ್ರವರಿ ಮತ್ತು ಸೆಪ್ಟೆಂಬರಿನಲ್ಲಿ, ಲಸಿಕೆಗೆ ತಳಿ ಆರಿಸುವುದೂ ಅದನ್ನು ನೋಡಿಕೊಂಡೇ. ಬಿ ಯಮಗಾಟ ಅನ್ನುವ ತಳಿ 2020ರ ಮಾರ್ಚ್ ಆದಮೇಲೆ ಖಚಿತವಾಗಿ ಎಲ್ಲೂ ಸಿಕ್ಕಿಲ್ಲ, ಹಾಗಾಗಿ 4 ತಳಿಯ ಬದಲು 3 ತಳಿಯ ಲಸಿಕೆ ಸಾಕು ಅಂದರು. ಇರಲಿ, ಮೊದಲು ಎಣಿಸಿ.

ಮದ್ದೂರು: ಬಂದಿದ್ದನ್ನು ಹಂಚಿಕೊಂಡಿದ್ದೇನೆ. ಕರ್ಪೂರ, ಓಮ, ಲವಂಗ ಬಟ್ಟೆಯಲ್ಲಿ ಕಟ್ಟಿ ಮೂಸಿದರೆ ಆಕ್ಸಿಜನ್ ಏರುತ್ತದೆ, ಮಕ್ಕಳ ಕತ್ತಿಗೂ ಕಟ್ಟಿ.

ಡಾಕ್ಟರ್: ಏರಲ್ಲ. ಮಗು ಕರ್ಪೂರ ನುಂಗಿದರೆ ಫಿಟ್ಸ್ ಬರುತ್ತದೆ. ಅಳಿಸಿ.

ಮದ್ದೂರು: ನಮ್ಮಜ್ಜಿ ಕಾಲದ್ದು ಮೇಡಂ.

ಹೆಬ್ಬಾಳ: ನಿಮ್ಮಜ್ಜಿ ಆಕ್ಸಿಜನ್ ಅಳೀತಿದ್ರಾ ಸ್ವಾಮಿ? 2021ರಲ್ಲೂ ಇದೇ ಮೆಸೇಜ್ ಬಂದಿತ್ತು.

ಮದ್ದೂರು: ಮೈಸೂರಿನವರಿಗೆ ಎಲ್ಲಾ ಗೊತ್ತು ಬಿಡಿ. ನಮ್ಮ ಕಡೆ ಕೆಮ್ಮು ಬರೋದು ಆಲೆಮನೆ ಹೊಗೆಯಿಂದ.

ಶ್ರೀರಂಗಪಟ್ಟಣ: ಹೊಗೆಗೆ ಜ್ವರ ಬರುತ್ತಾ ಅಣ್ಣ? ನಮ್ಮದೂ ಆಲೆಮನೆ ಇದೆ, ಸುಮ್ನೆ ಅದರ ಮೇಲೆ ಹಾಕಬೇಡಿ.

ಮದ್ದೂರು: ಟೈರ್ ಹಾಕಿ ಉರಿಸೋರು ಯಾರು ಹಾಗಾದ್ರೆ?

ಶ್ರೀರಂಗಪಟ್ಟಣ: ಬಂದು ನೋಡಿ ಮಾತಾಡಿ.

ಕುವೆಂಪುನಗರ: ಲಸಿಕೆ ಹಾಕಿಸಿದ 3ನೇ ದಿನವೇ ನಮ್ಮ ಯಜಮಾನರಿಗೆ ಫ್ಲೂ ಬಂತು!

ಡಾಕ್ಟರ್: ಅದು ಸತ್ತ ವೈರಸ್ಸಿನ ಲಸಿಕೆ, ಅದರಿಂದ ಫ್ಲೂ ಬರಲ್ಲ. 2 ವಾರ ಅಂತ ಮೇಲೆ ಬರೆದಿದ್ದೇನೆ.

ವಿಜಯನಗರ: ವರ್ಷ ವರ್ಷ ಹಾಕಿಸಬೇಕಾ? ರೇಟ್ ಎಷ್ಟು?

ಡಾಕ್ಟರ್: ಮೇಲೆ ಓದಿ.

ನಾಗಮಂಗಲ: ಸೊಸೆಗೆ 7 ತಿಂಗಳು. ಹಾಕಿಸಬಹುದಾ?

ಡಾಕ್ಟರ್: ಹಾಕಿಸಿ. 6 ತಿಂಗಳೊಳಗಿನ ಕೂಸಿಗೆ ಈ ಲಸಿಕೆ ಕೊಡುವುದಿಲ್ಲ. ತಾಯಿ ಹಾಕಿಸಿಕೊಂಡರೆ ಅವಳಿಂದ ಹೋದ ರಕ್ಷಣೆ ಕೂಸಿಗೂ ಸಿಗುತ್ತದೆ.

ಪಾಂಡವಪುರ: ಉಸಿರು ಎಣಿಸಿದೆ, ನಿಮಿಷಕ್ಕೆ 32 ಬಂತು ಮೇಡಂ. ಬೆಳಗ್ಗೆ ಬಸ್ಸಿಗೆ ಹೊರಡೋಣ ಅಂತಿದ್ದಾರೆ ಅಪ್ಪ.

ಡಾಕ್ಟರ್: ಬೆಳಗ್ಗೆ ಅಲ್ಲ, ಈಗ. 108ಕ್ಕೆ ಫೋನ್ ಮಾಡಿ. ಅವರ ಮಾತು ಕೇಳಬೇಡಿ.

ಮದ್ದೂರು: ದಾರಿಯಲ್ಲಿ ಸ್ವಲ್ಪ ಓಮದ ನೀರು...

ಡಾಕ್ಟರ್: ಅಡ್ಮಿನ್, ಇವರನ್ನು ಸ್ವಲ್ಪ ಹೊತ್ತು ಸುಮ್ಮನಿರಿಸ್ತೀರಾ?

ವಿಜಯನಗರ: ರೇಟ್ ಮೇಲೆ ಎಲ್ಲೂ ಇಲ್ಲ ಮೇಡಂ.